ಚಿತ್ರ ಕಲಿಯುವ ಮಕ್ಕಳ ದಾರಿಖರ್ಚು

(ಜಮಖಂಡಿಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಶಿಕ್ಷಣದ ಕುರಿತಾದ ಸಭೆಗಳಿಗೆ ನಮ್ಮ ಸಮುದಾಯದಲ್ಲಿ ಈಗ ಬರವಿಲ್ಲ. ಫಲಿತಾಂಶ ಪ್ರಕಟವಾದೊಡನೆ ಸನ್ಮಾನಗಳು ಆರಂಭವಾಗುತ್ತವೆ. ವೈದ್ಯಕೀಯ ಸೀಟು ಪಡೆದವನಿಗೆ ಶಾಲು, ಇಂಜಿನಿಯರಿಂಗ್ ಸೇರಿದವಳಿಗೆ ಫಲಕ, ಜೊತೆಗೆ ಒಂದು ಲಕೋಟೆ. ಇದು ಬೇಡವೆಂದು ನಾವು ಹೇಳುತ್ತಿಲ್ಲ. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದಾಗ ಮುಸ್ಲಿಮರ ಶೈಕ್ಷಣಿಕ ಸ್ಥಿತಿ ಎಷ್ಟು ಶೋಚನೀಯವೆಂಬುದು ದೇಶಕ್ಕೆ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ ನಮಗೇ ತಿಳಿಯಿತು. ಆ ಬಳಿಕ ಊರೂರಿನಲ್ಲಿ ಶಿಷ್ಯವೇತನದ ಸಮಿತಿಗಳು ಹುಟ್ಟಿಕೊಂಡವು. ಮಸೀದಿಯ ನೋಟಿಸು ಬೋರ್ಡಿನಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನಾಂಕವೂ ಕಾಣಿಸತೊಡಗಿತು. ಇದು ಸಂತೋಷದ ವಿಷಯ. ಆದರೆ ಇಷ್ಟು ವರ್ಷಗಳಲ್ಲಿ ಒಂದು ವರ್ಗದ ವಿದ್ಯಾರ್ಥಿಗಳನ್ನು ನಾವು ಯಾವ ಸನ್ಮಾನದ ವೇದಿಕೆಯ ಮೇಲೂ ಕಂಡಿಲ್ಲ. ಅವರೇ ವಿಶ್ವವಿದ್ಯಾಲಯಗಳಲ್ಲಿ ಚಿತ್ರಕಲೆ, ಶಿಲ್ಪ, ಅಚ್ಚುಕಲೆ, ವಿನ್ಯಾಸಗಳನ್ನು ಓದುವ ಮಕ್ಕಳು. ಇಂದು ನಾವು ಮಾತನಾಡಬೇಕೆಂದಿರುವುದು ಅವರ ಕುರಿತು. ಅವರ ಫೀಸಿನ ಕುರಿತು ಸ್ವಲ್ಪ, ಅವರ ಪ್ರಯಾಣದ ಖರ್ಚಿನ ಕುರಿತು ಹೆಚ್ಚು.

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಕಲಾ ವಿಭಾಗ’ ಎಂದರೆ ಇತಿಹಾಸ, ಸಮಾಜಶಾಸ್ತ್ರ, ಕನ್ನಡ, ಉರ್ದು. ಆ ಅರ್ಥದಲ್ಲಿ ನಾವೂ ಕಲಾ ಪದವೀಧರರೇ. ಆದರೆ ಒಂದು ಹೂಜಿಯ ಚಿತ್ರ ಬರೆಯಿರೆಂದರೆ ನಮ್ಮ ಕೈಯಲ್ಲಿ ಅದು ಕುಂಬಳಕಾಯಿಯಾಗುತ್ತದೆ. ನಾಲ್ಕು ವರ್ಷದ ದೃಶ್ಯಕಲಾ ಪದವಿ, ಅಂದರೆ ಬಿ.ವಿ.ಎ., ಬೇರೆಯೇ ಆದ ಓದು. ಈ ವ್ಯತ್ಯಾಸ ಅರ್ಜಿ ಸ್ವೀಕರಿಸುವ ಮೇಜಿನ ಹಿಂದೆ ಕುಳಿತವರಿಗೂ ಗೊತ್ತಿರುವುದಿಲ್ಲ. ಬನಹಟ್ಟಿಯ ಒಬ್ಬ ಹುಡುಗಿಯ ವಿಷಯ ನಮಗೆ ತಿಳಿದಿದೆ. ತಂದೆ ಎರಡು ಪವರ್‌ಲೂಮ್‌ಗಳ ಮೇಲೆ ಕೂಲಿ ನೇಯ್ಗೆ ಮಾಡುವವರು. ಪಿಯುಸಿ ಮುಗಿಸಿದ ಆಕೆಗೆ ದೂರದ ಊರಿನ ಕಲಾ ಮಹಾವಿದ್ಯಾಲಯದಲ್ಲಿ ಬಿ.ವಿ.ಎ. ಸೀಟು ದೊರೆತಿತ್ತು. ಸಮುದಾಯದ ಒಂದು ಟ್ರಸ್ಟಿಗೆ ಶಿಷ್ಯವೇತನಕ್ಕಾಗಿ ಅರ್ಜಿ ಹಾಕಿದಳು. ಟ್ರಸ್ಟಿನ ಹೆಸರು ಇಲ್ಲಿ ಅನಗತ್ಯ. ಆ ಕೋರ್ಸು ತಮ್ಮ ಪಟ್ಟಿಯಲ್ಲಿಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಲಾಯಿತು. ‘ಬಿ.ಎ. ಇದ್ದರೆ ಹೇಳು, ಕೊಡೋಣ’ ಎಂಬ ಮಾತೂ ಬಂತು. ಹಾಸ್ಟೆಲಿನ ಮುಂಗಡ ತುಂಬುವ ದಿನ ದಾಟಿತು; ಸೀಟು ಬೇರೆಯವರಿಗೆ ಹೋಯಿತು. ಈಗ ಆಕೆ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಮಗ್ಗದ ಮನೆಯ ಕಿಟಕಿಯಿಂದ ಹಾಸಿನ ಎಳೆಗಳ ಮೇಲೆ ಬಿಸಿಲು ಬೀಳುವುದನ್ನು ಆಕೆ ಪೆನ್ಸಿಲಿನಲ್ಲಿ ಬರೆದ ಹಾಳೆಗಳನ್ನು ನಾವು ನೋಡಿದ್ದೇವೆ. ಅಂತಹ ಕೈ ಒಂದು ಊರಿನಲ್ಲಿ ಪದೇ ಪದೇ ಹುಟ್ಟುವುದಿಲ್ಲ.

ಆ ಟ್ರಸ್ಟಿನವರು ಕೆಟ್ಟವರಲ್ಲ. ಅವರ ಪಟ್ಟಿ ಸರಕಾರದ ಪಟ್ಟಿಯ ನಕಲಷ್ಟೇ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯನ್ನೇ ನೋಡಿ. ಅದು ಮುಖ್ಯವಾಗಿ ಪ್ರವೇಶ ಪರೀಕ್ಷೆ ಬರೆದು ವೃತ್ತಿಪರ ಕೋರ್ಸು ಸೇರಿದವರಿಗಾಗಿ ರೂಪಿಸಿದ ಯೋಜನೆ. ಇನ್ನು ಕೇಂದ್ರ ಸರಕಾರದ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದನ್ನು ತಾವೆಲ್ಲ ಬಲ್ಲಿರಿ. ಎಂ.ಫಿಲ್., ಪಿಎಚ್.ಡಿ. ಮಾಡುವವರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022ರಲ್ಲಿ ನಿಲ್ಲಿಸಲಾಯಿತು. ಇತರ ಯೋಜನೆಗಳೊಂದಿಗೆ ಅದು ಬೆರೆತುಹೋಗುತ್ತಿದೆಯೆಂಬ ಕಾರಣ ಕೊಡಲಾಯಿತು. ವಿದೇಶದಲ್ಲಿ ಓದುವವರ ಸಾಲದ ಬಡ್ಡಿಯನ್ನು ಭರಿಸುತ್ತಿದ್ದ ‘ಪಢೋ ಪರ್‌ದೇಸ್’ ಅದೇ ವರ್ಷ ನಿಂತಿತು. ಬೇಗಂ ಹಝ್ರತ್ ಮಹಲ್ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಶಿಷ್ಯವೇತನ ನೀಡುತ್ತಿದ್ದ ಮೌಲಾನಾ ಆಝಾದ್ ಎಜುಕೇಶನ್ ಫೌಂಡೇಶನ್ ಅನ್ನೇ ಮುಚ್ಚಲು 2024ರಲ್ಲಿ ಆದೇಶವಾಯಿತು. ಕಲೆ ಓದುವ ಮಕ್ಕಳು ಇವುಗಳಲ್ಲಿ ಎಷ್ಟರ ಫಲಾನುಭವಿಗಳಾಗಿದ್ದರು ಎಂಬುದು ಬೇರೆ ಪ್ರಶ್ನೆ. ಆದರೆ ಕಲಾ ಇತಿಹಾಸದಲ್ಲಿ ಸಂಶೋಧನೆ ಮಾಡಬಯಸುವ ಮುಸ್ಲಿಮ್ ವಿದ್ಯಾರ್ಥಿಗೆ ತೆರೆದಿದ್ದ ಬಾಗಿಲುಗಳಲ್ಲಿ ಒಂದು ಇಲ್ಲವಾಯಿತು ಎಂಬುದಂತೂ ನಿಜ. ಇದನ್ನು ಪ್ರತಿಭಟಿಸಬೇಕು, ಪ್ರತಿಭಟಿಸಿದ್ದೇವೆ. ಅದು ಮತ್ತೆ ತೆರೆಯುವವರೆಗೆ ಮಕ್ಕಳ ವಯಸ್ಸು ನಿಂತು ಕಾಯುವುದಿಲ್ಲ.

ತೆರೆದಿರುವ ಬಾಗಿಲುಗಳ ಕಡೆಗೂ ನಾವು ಹೋಗುತ್ತಿಲ್ಲವೆಂಬುದು ಇದಕ್ಕಿಂತ ನೋವಿನ ಸಂಗತಿ. ಕೇಂದ್ರ ಸಂಸ್ಕೃತಿ ಸಚಿವಾಲಯವು ಯುವ ಕಲಾವಿದರಿಗಾಗಿ ಒಂದು ಶಿಷ್ಯವೇತನ ಯೋಜನೆಯನ್ನು ನಡೆಸುತ್ತ ಬಂದಿದೆ. 18ರಿಂದ 25 ವರ್ಷದೊಳಗಿನವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ದೇಶದಾದ್ಯಂತ 400 ಮಂದಿಗೆ. ಸಂಗೀತ, ನೃತ್ಯ, ನಾಟಕಗಳೊಂದಿಗೆ ಚಿತ್ರ, ಶಿಲ್ಪ, ಗ್ರಾಫಿಕ್, ಕುಂಭಕಲೆಗಳೂ ಅದರಲ್ಲಿ ಸೇರಿವೆ. ಅದಕ್ಕೆ ಯಾವ ಧರ್ಮದ ಕಾಲಮ್ಮೂ ಅಡ್ಡಿಯಲ್ಲ. ದಿಲ್ಲಿಯ ಲಲಿತಕಲಾ ಅಕಾಡೆಮಿಯ ಶಿಷ್ಯವೇತನವಿದೆ; ಬೆಂಗಳೂರಿನ ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಕಲಾ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡುತ್ತ ಬಂದಿದೆ. ಯುವ ಕಲಾವಿದರಿಗೆ ಇನ್‌ಲ್ಯಾಕ್ಸ್ ಪ್ರತಿಷ್ಠಾನದ ಪ್ರಶಸ್ತಿಯಿದೆ. ಸ್ವಲ್ಪ ಅನುಭವ ಗಳಿಸಿದ ಮೇಲೆ ಬ್ರಿಟನ್ನಿಗೆ ಹೋಗಬಯಸುವವರಿಗೆ 1981ರಲ್ಲಿ ಸ್ಥಾಪಿತವಾದ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಇದೆ. ನೇಕಾರರ ಮನೆಯವರು ಇನ್ನೊಂದನ್ನು ನೆನಪಿಡಬೇಕು: 2021ರಲ್ಲಿ ರಾಜ್ಯದಲ್ಲಿ ಆರಂಭವಾದ ರೈತ ವಿದ್ಯಾನಿಧಿಯನ್ನು ಮರುವರ್ಷ ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಆಗ ನಿಗದಿಯಾದ ಮೊತ್ತ ಕೋರ್ಸಿಗೆ ಅನುಗುಣವಾಗಿ ವರ್ಷಕ್ಕೆ 2,500ರಿಂದ 11,000 ರೂಪಾಯಿ. ದೊಡ್ಡ ಹಣವಲ್ಲ, ಆದರೆ ಒಂದು ವರ್ಷದ ಬಣ್ಣ, ಕಾಗದಗಳಿಗೆ ಒದಗುವ ಹಣ.

ಇನ್ನು ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇವೆ. ವೈದ್ಯನಾಗುವವನಿಗೆ ಪುಸ್ತಕ ಮತ್ತು ರೋಗಿ ಬೇಕು. ಚಿತ್ರಕಾರನಾಗುವವನಿಗೆ ಚಿತ್ರಗಳು ಬೇಕು. ಅಂಗೈಯ ಮೊಬೈಲಿನಲ್ಲಿ ಕಾಣುವ ಚಿತ್ರಗಳಲ್ಲ. ಗೋಡೆಯ ಮೇಲೆ, ಅದರ ನಿಜವಾದ ಅಳತೆಯಲ್ಲಿ, ಬಣ್ಣದ ಪದರ ಕಾಣುವಷ್ಟು ಹತ್ತಿರದಿಂದ ನೋಡುವ ಚಿತ್ರಗಳು. ಆದುದರಿಂದಲೇ ಲೋಕದ ಎಲ್ಲ ಕಡೆ ಕಲಾ ವಿದ್ಯಾರ್ಥಿಗೆ ಫೀಸಿನೊಂದಿಗೆ ಪ್ರಯಾಣದ ವೇತನವನ್ನೂ ಕೊಡುವ ಪದ್ಧತಿ ಬೆಳೆದುಬಂತು. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1663ರಲ್ಲಿ, ಆರಂಭವಾದ ರೋಮ್ ಪ್ರಶಸ್ತಿಯು ಗೆದ್ದ ವಿದ್ಯಾರ್ಥಿಯನ್ನು ರೋಮ್ ನಗರಕ್ಕೆ ಕಳುಹಿಸಿ ಅಲ್ಲಿಯೇ ವರ್ಷಗಟ್ಟಲೆ ಇರಿಸುತ್ತಿತ್ತು. 1968ರವರೆಗೂ ಅದು ನಡೆಯಿತು.

ಇದು ಪರದೇಶದ ವಿಚಾರವೆಂದು ತಾವು ಭಾವಿಸಬೇಕಾಗಿಲ್ಲ. ಅದಕ್ಕೂ ಐವತ್ತು ವರ್ಷ ಮೊದಲು, 1613ರಲ್ಲಿ, ಜಹಾಂಗೀರ್ ಬಾದಶಹನು ಇರಾನಿಗೆ ಖಾನ್ ಆಲಮ್‌ನ ನೇತೃತ್ವದಲ್ಲಿ ರಾಯಭಾರ ಕಳುಹಿಸಿದಾಗ ಅದರೊಂದಿಗೆ ಬಿಶನ್‌ದಾಸ್ ಎಂಬ ಚಿತ್ರಕಾರನನ್ನೂ ಕಳುಹಿಸಿದನು. ಶಾ ಅಬ್ಬಾಸ್ ಮತ್ತು ಅವನ ಆಸ್ಥಾನದವರ ಚಿತ್ರಗಳನ್ನು ಬರೆದುತರುವುದು ಅವನ ಕೆಲಸ. ವರ್ಷಗಳ ಬಳಿಕ ಹಿಂದಿರುಗಿದ ಬಿಶನ್‌ದಾಸನಿಗೆ ಬಾದಶಹನು ಆನೆಯನ್ನು ಇನಾಮಾಗಿ ಕೊಟ್ಟನು. ಮುಸ್ಲಿಮ್ ಬಾದಶಹ, ಹಿಂದೂ ಚಿತ್ರಕಾರ, ಸರಕಾರಿ ಖರ್ಚಿನಲ್ಲಿ ಇರಾನ್ ಪ್ರಯಾಣ! ಇಂದು ಇತಿಹಾಸದ ಹೆಸರಿನಲ್ಲಿ ಜಗಳ ಹಚ್ಚುವವರು ಈ ಪುಟವನ್ನು ತೆರೆಯುವುದಿಲ್ಲ. ನಾವೂ ತೆರೆಯುವುದಿಲ್ಲವೆಂಬುದು ಅದಕ್ಕಿಂತ ದೊಡ್ಡ ದುಃಖ.

ನಮ್ಮ ನಾಡಿನಲ್ಲಿ ಇದರ ಒಳ್ಳೆಯ ಉದಾಹರಣೆ ಕೆ. ವೆಂಕಟಪ್ಪನವರದು. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ಈ ಯುವಕನನ್ನು 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಿಷ್ಯವೇತನ ಕೊಟ್ಟು ಕಲಕತ್ತೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಸುಮಾರು ಏಳು ವರ್ಷ ಕಲಿತು ಅವರು ಹಿಂದಿರುಗಿದರು. ಮೈಸೂರಿನಲ್ಲಿಯೇ ಉಳಿದಿದ್ದರೆ ಅವರು ಅರಮನೆಯ ಮತ್ತೊಬ್ಬ ಕುಶಲ ಕೆಲಸಗಾರರಾಗುತ್ತಿದ್ದರೇನೋ. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೇ ಇದೆ.

ನಮ್ಮವರ ಕಡೆಗೆ ಬನ್ನಿ. ಗುಲಾಮ್ ಮುಹಮ್ಮದ್ ಶೇಖ್ ಅವರು 1937ರಲ್ಲಿ ಸೌರಾಷ್ಟ್ರದ ಸುರೇಂದ್ರನಗರದಲ್ಲಿ ಹುಟ್ಟಿದವರು. ಅದೂ ನಮ್ಮ ಜಮಖಂಡಿಯಂತೆ ದೊಡ್ಡ ನಗರಗಳಿಂದ ದೂರವಿದ್ದ ಊರು. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತ ಅವರು ಕಾಮನ್‌ವೆಲ್ತ್ ಶಿಷ್ಯವೇತನದ ಮೇಲೆ 1963ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದರು. ಅಲ್ಲಿ ಅವರು ಕಂಡದ್ದು ಯುರೋಪಿನ ಚಿತ್ರಗಳನ್ನು ಮಾತ್ರವಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನಮ್ಮ ದೇಶದ್ದೇ ಕಿರುಚಿತ್ರಗಳನ್ನೂ ಕಂಡರು. ಹುಡುಗನೊಬ್ಬ ಮೊಗಲ್ ಮತ್ತು ರಾಜಪೂತ ಚಿತ್ರಗಳನ್ನು ಮನಸಾರೆ ನೋಡಲು ಏಳು ಸಮುದ್ರ ದಾಟಬೇಕಾಯಿತು ಎಂಬುದರಲ್ಲಿ ಸಾಮ್ರಾಜ್ಯಶಾಹಿಯ ಒಂದು ಇಡೀ ಅಧ್ಯಾಯವಿದೆ. ಅದನ್ನು ಇನ್ನೊಮ್ಮೆ ಮಾತನಾಡೋಣ. ಇಟಲಿಯ ಹಳೆಯ ಚಿತ್ರಕಾರರು ಒಂದೇ ಗೋಡೆಯ ಮೇಲೆ ಒಂದು ಪೂರ್ತಿ ಪಟ್ಟಣವನ್ನು ಅದರ ಬೀದಿ, ಅಂಗಡಿ, ಜನರ ಸಮೇತ ಬರೆದಿದ್ದರು. ಅದೂ ಅವರ ಕಣ್ಣಿಗೆ ಬಿತ್ತು. 1966ರಲ್ಲಿ ಹಿಂದಿರುಗಿ ಬರೋಡೆಯಲ್ಲಿ ತಲೆಮಾರುಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಕೋಮುಗಲಭೆಯ ಬೆಂಕಿಯನ್ನೂ ಸಿನೆಮಾದ ಪೋಸ್ಟರನ್ನೂ ಒಂದೇ ಊರಿನೊಳಗೆ ಹೆಣೆದ ದೊಡ್ಡ ಚಿತ್ರವೊಂದನ್ನು ಬರೆದರು. ‘ಮಾರಾಟಕ್ಕಿರುವ ನಗರ’ ಎಂಬರ್ಥದ ಹೆಸರು ಅದಕ್ಕೆ. 2014ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಲಂಡನ್ನಿನ ಆ ಮೂರು ವರ್ಷಗಳ ಖರ್ಚು ಯಾವನೋ ಗುಮಾಸ್ತನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಮಾತ್ರ. ಆ ಒಂದು ಸಾಲಿನಿಂದ ಭಾರತದ ಚಿತ್ರಕಲೆಗೆ ಎಷ್ಟು ದೊರೆಯಿತು ನೋಡಿ.

ತಾಯಂದಿರು ಕೇಳಬಹುದು: ಇದೆಲ್ಲ ಗಂಡುಹುಡುಗರ ಮಾತಾಯಿತು. ಅದೇ 1937ರಲ್ಲಿ ಹುಟ್ಟಿದ ಇಬ್ಬರು ಮುಸ್ಲಿಮ್ ಹೆಣ್ಣುಮಕ್ಕಳ ಹೆಸರು ಹೇಳುತ್ತೇವೆ. ನಸ್ರೀನ್ ಮುಹಮ್ಮದಿ ಹುಟ್ಟಿದ್ದು ಕರಾಚಿಯಲ್ಲಿ. ಲಂಡನ್ನಿನಲ್ಲಿ ಓದಿ, ಬಳಿಕ ಫ್ರೆಂಚ್ ಸರಕಾರದ ಶಿಷ್ಯವೇತನದ ಮೇಲೆ ಪ್ಯಾರಿಸ್ಸಿನಲ್ಲಿ ಕಲಿತು, 1972ರಿಂದ ಬರೋಡೆಯಲ್ಲಿ ಅಧ್ಯಾಪಕಿಯಾಗಿದ್ದರು. 1990ರಲ್ಲಿ ತೀರಿಕೊಂಡರು. ಪೆನ್ಸಿಲು ಮತ್ತು ಶಾಯಿಯ ನೇರ ಗೆರೆಗಳಿಂದ ಅವರು ಮಾಡಿದ ಕೃತಿಗಳಲ್ಲಿ ಮನುಷ್ಯನ ರೂಪವಿಲ್ಲ, ಪ್ರಾಣಿಯ ರೂಪವಿಲ್ಲ. ಮಗ್ಗದ ಮೇಲೆ ಬಿಗಿದ ಹಾಸನ್ನು ದಿನವೂ ನೋಡುವ ರಬಕವಿಯ ಮನೆಯವರು ಅವನ್ನು ಕಂಡರೆ ತಕ್ಷಣ ಗುರುತು ಹಿಡಿದಾರು. ಇನ್ನೊಬ್ಬರು ಅಲಿಗಢದ ಝರೀನಾ ಹಾಶ್ಮಿ. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪದವಿ ಪಡೆದು, ಪ್ಯಾರಿಸ್ಸಿನಲ್ಲಿ ಅಚ್ಚುಕಲೆ ಕಲಿತು, 1974ರಲ್ಲಿ ಜಪಾನ್ ಫೌಂಡೇಶನ್ನಿನ ಫೆಲೋಶಿಪ್ ಮೇಲೆ ಟೋಕಿಯೋದಲ್ಲಿ ಮರದ ಅಚ್ಚಿನ ಕೆಲಸ ಕಲಿತರು. 1999ರಲ್ಲಿ ಅವರು 36 ಮರದಚ್ಚಿನ ಚಿತ್ರಗಳ ಒಂದು ಸರಣಿ ಮಾಡಿದರು. ಮನೆ, ಹೊಸ್ತಿಲು ಮುಂತಾದ ಒಂದೊಂದು ಉರ್ದು ಪದಕ್ಕೆ ಒಂದೊಂದು ಚಿತ್ರ, ಪದವು ನಸ್ತಲೀಖ್ ಲಿಪಿಯಲ್ಲಿ. ಉರ್ದು ಮಾಧ್ಯಮದ ನಮ್ಮ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಇದನ್ನು ಯಾರಾದರೂ ತೋರಿಸಿದ್ದಾರೆಯೇ?

ಈ ಭಾಗಕ್ಕೂ ಒಂದು ಹಳೆಯ ದಾರಿಯಿತ್ತು. ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಯವರೆಗೆ ಇಲ್ಲಿನ ಹುಡುಗರ ಮುಖ ಪುಣೆ, ಮುಂಬಯಿಗಳ ಕಡೆಗಿತ್ತು. ಪುಣೆಯ ಸರ್ ಪರಶುರಾಮಭಾವೂ ಕಾಲೇಜಿನ ಹೆಸರಿನಲ್ಲಿರುವ ಪರಶುರಾಮಭಾವೂ ಜಮಖಂಡಿ ಸಂಸ್ಥಾನದವರೇ. ಈ ಊರಿನ ಅರಮನೆಯ ದಾನದಿಂದ ಆ ಕಾಲೇಜಿಗೆ ಆ ಹೆಸರು ಬಂತು. ಜಮಖಂಡಿಯ ಹಣ ಪುಣೆಯ ಮಕ್ಕಳನ್ನು ಓದಿಸಿತು! ಚಿತ್ರ ಕಲಿಯುವವರಿಗೆ ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆ ಇತ್ತು. ಸೊಲ್ಲಾಪುರದ ಎ.ಎ. ಆಲಮೇಲಕರ್ ಅಲ್ಲಿಗೆ ಹೋದವರೇ. ಅಡ್ಡಹೆಸರಿನಲ್ಲಿಯೇ ನಮ್ಮ ನೆರೆಯ ಆಲಮೇಲವನ್ನು ಹೊತ್ತಿದ್ದ ಈ ಮುಸ್ಲಿಮ್ ಚಿತ್ರಕಾರರು ಆದಿವಾಸಿಗಳ ಬದುಕನ್ನು ಹಳೆಯ ಕಿರುಚಿತ್ರಗಳ ಶೈಲಿಯಲ್ಲಿ ಬರೆದು ಹೆಸರಾದರು. ನಮ್ಮದೇ ಜಿಲ್ಲೆಯ ಬಾದಾಮಿಯಲ್ಲಿ 1936ರಲ್ಲಿ ಹುಟ್ಟಿದ ಆರ್.ಎಂ. ಹಡಪದ ಅವರು ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆಯನ್ನು ಕಟ್ಟಿ, 2003ರಲ್ಲಿ ತೀರಿಕೊಳ್ಳುವವರೆಗೂ ಮಕ್ಕಳಿಗೆ ಕಲಿಸಿದರು. ಹಾಗಾದರೆ ಇಂದು ದಾರಿ ಎಲ್ಲಿ ತಪ್ಪಿತು? ರಾಜ್ಯದೊಳಗೆ ಧಾರವಾಡ, ದಾವಣಗೆರೆ, ಕಲಬುರಗಿ, ಮೈಸೂರು, ಬೆಂಗಳೂರುಗಳಲ್ಲಿ ಕಲೆ ಕಲಿಸುವ ಸಂಸ್ಥೆಗಳಿವೆ. ನಮ್ಮ ಮಕ್ಕಳು ಅಲ್ಲಿಯವರೆಗೆ ಹೇಗೋ ತಲುಪುತ್ತಾರೆ. ಅಲ್ಲಿಂದ ಮುಂದೆ ನೋಡುವ ಯೋಗವಿಲ್ಲ. ನಾಲ್ಕು ವರ್ಷ ಚಿತ್ರಕಲೆ ಓದಿ ಒಂದು ಒಳ್ಳೆಯ ಮ್ಯೂಸಿಯಮ್ಮನ್ನೂ ನೋಡದೆ ಪದವಿ ಪಡೆಯುವುದು ಸಮುದ್ರ ನೋಡದೆ ಈಜು ಕಲಿತಂತೆ.

ಸಮುದ್ರ ದೂರವಿರಲಿ, ಹತ್ತಿರದ ಕೆರೆಯನ್ನಾದರೂ ನೋಡಿದ್ದಾರೆಯೇ? ಜಮಖಂಡಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು? 1580ರಿಂದ 1627ರವರೆಗೆ ಅಲ್ಲಿ ಆಳಿದ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ದರಬಾರು ದೂರದೇಶದ ಚಿತ್ರಕಾರರನ್ನು ಕರೆಸಿಕೊಂಡಿತ್ತು. ಇಬ್ರಾಹೀಮ್ ರೋಝಾದ ಕಲ್ಲಿನ ಗೋಡೆಗಳಲ್ಲಿ ಅಕ್ಷರವೇ ಹೂಬಳ್ಳಿಯಾಗಿದೆ. ಜಾಮಿಯಾ ಮಸೀದಿಯ ಮಿಹ್ರಾಬಿನಲ್ಲಿ ಚಿನ್ನದ ಬಣ್ಣದ ಕೆಲಸವಿದೆ. ನಾವು ಅಲ್ಲಿಗೆ ಹೋಗಿ ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ, ಚಹಾ ಕುಡಿದು ಹಿಂದಿರುಗುತ್ತೇವೆ.

ಮಿಹ್ರಾಬಿನ ಮಾತು ಬಂತು. ಆದುದರಿಂದ ಸಭೆಯಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಮುಚ್ಚಿಡುವುದು ಬೇಡ. ಚಿತ್ರ ಬರೆಯುವುದು ಜಾಯಿಝೇ? ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ; ಅದನ್ನು ಐದು ನಿಮಿಷದಲ್ಲಿ ತೀರ್ಮಾನಿಸುವ ಸ್ಥಾನ ಈ ವೇದಿಕೆಯಲ್ಲ. ನಾವು ಹೇಳುವುದು ಇಷ್ಟೇ: ಮದ್ರಸಾದಲ್ಲಿ ಕಲಂ ಹಿಡಿದು ಅಕ್ಷರ ತಿದ್ದಿದ ನಮಗೆ ಗೊತ್ತು, ಖುಶ್‌ನವೀಸಿಯೂ ಕಲೆಯೇ. ಸಂಕೋಚವಿರುವ ಮನೆಯವರಿಗೆ ಲಿಪಿಯಿದೆ, ಜ್ಯಾಮಿತಿಯ ವಿನ್ಯಾಸವಿದೆ, ಜವಳಿಯಿದೆ, ಕುಂಭಕಲೆಯಿದೆ, ಪುಸ್ತಕದ ಮುದ್ರಣವಿದೆ. ಕಂಪ್ಯೂಟರಿನ ಉರ್ದು ಅಕ್ಷರಗಳು ಬಂದ ಮೇಲೆ ಕಾತಿಬರ ಜೀವನೋಪಾಯ ಹೋಯಿತೆಂದು ಮರುಗುತ್ತೇವೆ. ಅವರ ಮಕ್ಕಳಲ್ಲಿ ಒಬ್ಬನನ್ನಾದರೂ ಅಕ್ಷರ ವಿನ್ಯಾಸ ಓದಲು ಕಳುಹಿಸಿದೆವೆಯೇ? ಸಂಕೋಚವು ನಿಜವಾದುದಾದರೆ ಓದಿನ ದಿಕ್ಕು ಬದಲಾಗುತ್ತದೆ, ಓದೇ ನಿಲ್ಲುವುದಿಲ್ಲ. ಹಲವು ಮನೆಗಳಲ್ಲಿ ಸಂಕೋಚವು ಹಣದ ಹೆದರಿಕೆಗೆ ತೊಡಿಸಿದ ಉಡುಪು ಮಾತ್ರ. ಮದುವೆಯ ಫೋಟೊ-ವಿಡಿಯೋಗೆ ಯಾವ ಫತ್ವಾವನ್ನೂ ಕೇಳದವರು ಮಗಳ ಚಿತ್ರದ ಪುಸ್ತಕ ಕಂಡಾಗ ಮುಫ್ತಿಗಳ ಮನೆ ಹುಡುಕುತ್ತಾರೆ.

ಹಣದ ಹೆದರಿಕೆ ಸುಳ್ಳಲ್ಲ. ಚಿತ್ರಕಾರನ ಹೊಟ್ಟೆ ತುಂಬುವುದೇ ಎಂದು ತಂದೆ ಕೇಳುವುದು ನ್ಯಾಯವೇ. ಆದರೆ ರಬಕವಿ-ಬನಹಟ್ಟಿಯಲ್ಲಿ ನಿಂತು ಈ ಪ್ರಶ್ನೆ ಕೇಳುವಾಗ ಸ್ವಲ್ಪ ಸುತ್ತಲೂ ನೋಡಬೇಕು. ಇಲ್ಲಿನ ಸೀರೆಯ ದಡಿ, ಸೆರಗು, ಬಣ್ಣದ ಹೊಂದಾಣಿಕೆ, ಇವೆಲ್ಲವೂ ಯಾರದೋ ಕೈ ಬರೆದ ವಿನ್ಯಾಸ. ನೇಯುವವನಿಗೆ ಗಜದ ಲೆಕ್ಕದಲ್ಲಿ ಕೂಲಿ. ವಿನ್ಯಾಸ ಬರೆಯುವವನಿಗೆ ವಿನ್ಯಾಸದ ಬೆಲೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೋ ಬೆಂಗಳೂರಿನ ನಿಫ್ಟ್‌ನಲ್ಲಿಯೋ ಓದಿ ಬರುವ ಮಗ್ಗದ ಮನೆಯ ಮಗ ಅಥವಾ ಮಗಳು ಆ ಓಣಿಯ ಬಾಳನ್ನೇ ಬದಲಿಸಬಲ್ಲರು. ಬೀಳಗಿಯ ಕಡೆಯವರಿಗೆ ಬೇರೊಂದು ಮಾತು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಹೊಲ, ದರ್ಗಾ, ಗುಡಿ, ಗೋರಿಸ್ತಾನಗಳು ಮುಳುಗಿದವು. ಪರಿಹಾರದ ಹಣ ಬಂತು, ಹೋಯಿತು. ಆ ಊರುಗಳು ಹೇಗಿದ್ದವೆಂದು ಬರೆದಿಟ್ಟ ಚಿತ್ರಗಳು ಎಷ್ಟು ಮನೆಗಳಲ್ಲಿವೆ? ಅಜ್ಜಂದಿರ ನೆನಪು ಇರುವಾಗಲೇ ಯಾರಾದರೂ ಬರೆಯಬೇಕು. ಬರೆಯಲು ಕಲಿತ ಕೈ ಬೇಕು.

ಈಗ ನಮ್ಮ ಬೇಡಿಕೆ. ನಾಲ್ಕೂ ತಾಲೂಕುಗಳ ಅಂಜುಮನ್‌ಗಳು, ಮಸೀದಿ ಕಮಿಟಿಗಳು, ವ್ಯಾಪಾರಸ್ಥರು ಸೇರಿ ವರ್ಷಕ್ಕೆ ನಾಲ್ಕು ಕಲಾ ವಿದ್ಯಾರ್ಥಿಗಳಿಗೆ ಒಂದೊಂದು ಪ್ರಯಾಣ ವೇತನ ಕೊಡಬೇಕು. ತಾಲೂಕಿಗೆ ಒಂದರಂತೆ, ತಲಾ 25,000 ರೂಪಾಯಿ, ಒಟ್ಟು ಒಂದು ಲಕ್ಷ. ಒಂದು ಮಧ್ಯಮ ವರ್ಗದ ವಲೀಮಾದ ಶಾಮಿಯಾನ, ದೀಪಾಲಂಕಾರಗಳ ಬಿಲ್ಲನ್ನು ಯಾರಾದರೂ ಇಲ್ಲಿ ಎದ್ದುನಿಂತು ಓದಿದರೆ ಈ ಮೊತ್ತ ದೊಡ್ಡದೋ ಸಣ್ಣದೋ ತಿಳಿದೀತು. ಝಕಾತ್‌ನ ಹಣಕ್ಕೆ ಅದರದೇ ನಿಯಮಗಳಿವೆ, ಅದನ್ನು ಉಲಮಾಗಳಲ್ಲಿ ವಿಚಾರಿಸಿಯೇ ಮಾಡಬೇಕು. ನಾವು ಕೇಳುತ್ತಿರುವುದು ದೇಣಿಗೆಯನ್ನು. ಆಯ್ಕೆಗೆ ಅಂಕಪಟ್ಟಿ ಮುಖ್ಯವಾಗಬಾರದು. ವಿದ್ಯಾರ್ಥಿಯ ರೇಖಾಚಿತ್ರದ ಪುಸ್ತಕವನ್ನು ಕಲಾ ಅಧ್ಯಾಪಕರೊಬ್ಬರು ನೋಡಿ ಹೇಳಬೇಕು. ಸದಸ್ಯರ ಅಳಿಯ, ಭಾವಮೈದುನರ ಅರ್ಜಿಗಳನ್ನು ಮೊದಲೇ ಬದಿಗಿಡಬೇಕು. ನಮ್ಮ ಸಮಿತಿಗಳನ್ನು ಬಲ್ಲವರಾದುದರಿಂದ ಇದನ್ನು ಬಾಯಿಬಿಟ್ಟು ಹೇಳುತ್ತಿದ್ದೇವೆ. ಹದಿನೈದು ದಿನಗಳ ಪ್ರಯಾಣ: ವಿಜಯಪುರ, ಬಾದಾಮಿ, ಮುಂಬಯಿಯ ಮ್ಯೂಸಿಯಮ್ಮು ಮತ್ತು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಸಾಧ್ಯವಾದರೆ ಬರೋಡೆ. ಹಿಂದಿರುಗಿದ ಮೇಲೆ ತಾನು ಬರೆದುದನ್ನು ತನ್ನ ಹಳೆಯ ಶಾಲೆಯಲ್ಲಿ ಒಂದು ವಾರ ಗೋಡೆಗೆ ತೂಗುಹಾಕಬೇಕು. ಬೇರೆ ಯಾವ ಶರತ್ತೂ ಬೇಡ. ಆಯ್ಕೆಯಾದವಳು ಹೆಣ್ಣುಮಗಳಾದರೆ ಜೊತೆಗೆ ಹೋಗುವ ತಾಯಿಯ ಅಥವಾ ಅಣ್ಣನ ಟಿಕೇಟನ್ನೂ ವೇತನದಲ್ಲಿಯೇ ಸೇರಿಸಬೇಕು. ‘ಒಬ್ಬಳೇ ಹೇಗೆ ಕಳುಹಿಸುವುದು’ ಎಂಬ ಮಾತಿಗೆ ಸಮಿತಿಯ ಬಳಿ ಉತ್ತರ ಸಿದ್ಧವಿರಬೇಕು. ಮತ್ತೊಂದು ಮಾತು: ಈ ವೇತನ ನಮ್ಮವರಿಗೆ ಮಾತ್ರ ಎಂದು ಬರೆಯಬೇಡಿ. ಅದೇ ಓಣಿಯ ದೇವಾಂಗರ ಹುಡುಗ ಚೆನ್ನಾಗಿ ಬರೆಯುತ್ತಿದ್ದರೆ ಅವನೂ ಹೋಗಲಿ. ಬಿಶನ್‌ದಾಸನ ಧರ್ಮವನ್ನು ಜಹಾಂಗೀರ್ ಕೇಳಲಿಲ್ಲ.

ಇದು ನಡೆಯುವ ಮಾತೇ ಎಂದು ಅನುಮಾನಿಸುವವರು ಚಿಕ್ಕಪಡಸಲಗಿಗೆ ಹೋಗಿ ಬರಬೇಕು. ಜಮಖಂಡಿ ತಾಲೂಕಿನ ರೈತರು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಮಣ್ಣು ಹೊತ್ತು, ಕೃಷ್ಣಾ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಸರಕಾರದ ದುಡ್ಡಿಗೆ ಅವರು ಕಾಯಲಿಲ್ಲ. 1991ರಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿ ನ್ಯಾಮಗೌಡರು ಲೋಕಸಭೆಗೆ ಹೋದದ್ದು ಆ ಬ್ಯಾರೇಜಿನ ಬಲದಿಂದ. ನದಿಗೆ ಅಡ್ಡ ಗೋಡೆ ಕಟ್ಟಿದ ತಾಲೂಕಿನವರಿಗೆ ನಾಲ್ಕು ಮಕ್ಕಳನ್ನು ಹದಿನೈದು ದಿನ ರೈಲಿನಲ್ಲಿ ಕಳುಹಿಸುವುದು ಭಾರವೇ?

ಕೊನೆಯದಾಗಿ ವಿದ್ಯಾರ್ಥಿಗಳಿಗೆ ನಾಲ್ಕು ವ್ಯಾವಹಾರಿಕ ಮಾತು. ಅರ್ಜಿಗಳು ತಿರಸ್ಕೃತವಾಗುವುದು ಬಹಳ ಸಲ ಪ್ರತಿಭೆಯ ಕೊರತೆಯಿಂದಲ್ಲ, ಹೆಸರಿನ ಕಾಗುಣಿತದಿಂದ. ಶಾಲೆಯ ದಾಖಲೆಯಲ್ಲಿ ‘ಮಹಮ್ಮದ’, ಆಧಾರಿನಲ್ಲಿ ‘ಮೊಹಮ್ಮದ್’, ಬ್ಯಾಂಕಿನಲ್ಲಿ ‘ಎಂ.ಡಿ.’ ಎಂದಿದ್ದರೆ ಕಂಪ್ಯೂಟರಿಗೆ ಅವರು ಮೂರು ಜನ. ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಅದೇ ತೊಂದರೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಎಲ್ಲ ಕಡೆ ಮಾಡಿಸಿಕೊಳ್ಳಿ. ಆದಾಯ ಪ್ರಮಾಣಪತ್ರ ಮತ್ತು 2ಬಿ ಪ್ರವರ್ಗದ ಪ್ರಮಾಣಪತ್ರಗಳನ್ನು ಕೊನೆಯ ವಾರದಲ್ಲಿ ಮಾಡಿಸಲು ಹೋಗಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಿ. ಪಾಸ್‌ಪೋರ್ಟನ್ನು ಈಗಲೇ ಮಾಡಿಸಿಡಿ; ವಿದೇಶದ ವೇತನ ಬಂದ ಮೇಲೆ ಮಾಡಿಸುತ್ತೇನೆಂದವನ ವೇತನ ಅವನಿಗಾಗಿ ಕಾದಿರುವುದಿಲ್ಲ.

ಕೃತಿಗಳ ಫೋಟೊ ತೆಗೆಯುವಾಗ ಹಗಲಿನ ಬೆಳಕಿನಲ್ಲಿ, ಚಿತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ತೆಗೆಯಿರಿ. ಮಂಚದ ಮೇಲೆ ಇಟ್ಟು ತೆಗೆದ ಫೋಟೊದಲ್ಲಿ ಚಾದರಿನ ಹೂವೂ ಕಾಣುತ್ತದೆ. ಪ್ರತಿಯೊಂದರ ಹಿಂದೆ ಅಳತೆ, ಮಾಧ್ಯಮ, ವರ್ಷ ಬರೆದಿಡಿ. ನಿಮ್ಮ ಕೆಲಸದ ಕುರಿತು ಒಂದು ಪುಟ ಬರೆಯಲು ಕೇಳುತ್ತಾರೆ. ಅಲ್ಲಿ ದೊಡ್ಡ ದೊಡ್ಡ ಮಾತು ಬೇಡ. ಏನನ್ನು ನೋಡಿ ಬರೆದಿರಿ, ಯಾಕೆ ಬರೆದಿರಿ, ಮುಂದೆ ಏನನ್ನು ನೋಡಬೇಕೆಂದಿರುವಿರಿ ಎಂಬುದನ್ನು ಬರೆಯಿರಿ. ಮೊದಲು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಬರೆದು ಬಳಿಕ ಇಂಗ್ಲಿಷಿಗೆ ಮಾಡಿಸಿಕೊಳ್ಳಿ. ಕಲಾ ಅಧ್ಯಾಪಕರಿಂದ ಶಿಫಾರಸು ಪತ್ರ ಬೇಕಾದಲ್ಲಿ ಒಂದು ತಿಂಗಳು ಮೊದಲೇ ಕೇಳಿ.

ಬಾಗಿಲ ಬಳಿಯ ಮೇಜಿನಲ್ಲಿ ಇಬ್ಬರು ಶಿಕ್ಷಕರು ಅಸರ್‌ವರೆಗೂ ಕುಳಿತಿರುತ್ತಾರೆ. ಹೆಸರು ತಿದ್ದುಪಡಿಯ ಅರ್ಜಿಯನ್ನು ಅವರು ಬರೆದುಕೊಡುತ್ತಾರೆ. ಚಿತ್ರದ ಪುಸ್ತಕ ತಂದಿರುವ ಮಕ್ಕಳು ಅದನ್ನು ಚೀಲದಿಂದ ಹೊರಗೆ ತೆಗೆಯಿರಿ. ಹಿರಿಯರು ಹೊರಡುವ ಮುನ್ನ ಒಮ್ಮೆ ನೋಡಲಿ. ಪ್ರಯಾಣ ವೇತನಕ್ಕೆ ಹೆಸರು ಬರೆಸುವ ವ್ಯಾಪಾರಸ್ಥರಿಗಾಗಿ ಬೇರೆ ಪುಸ್ತಕ ಇದೆ. ಅದರ ಮೊದಲ ಪುಟ ಇನ್ನೂ ಖಾಲಿಯಿದೆ.